ಈಜು ಬಾರದವನು ಕಡಲ ತಳದಲ್ಲಿ

ನನಗೆ ಈಜು ಬರೋದಿಲ್ಲ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನಗಬೇಡಿ.

ಚಿತ್ರದುರ್ಗದ ಕಡೆಯವರಿಗೆ ನೀರು ಎಲ್ಲಿತ್ತು ಈಜೋಕೆ ಅಂತ ನೀವು ಕೇಳಬಹುದು. ಇತ್ತು ಸ್ವಾಮೀ. ಹೊಸದುರ್ಗ, ಹೊಳಲ್ಕೆರೆ ಕಡೆ ತೋಟದ ಬಾವಿಗಳಿದ್ದವು. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಧುಮುಕಿ ನನ್ನ ಓರಗೆಯ ಹುಡುಗರೆಲ್ಲ ಕಲಿತರು. ನಾನು ಕಲೀಲಿಲ್ಲ. ನನಗೆ 7 ವರ್ಷ ಇದ್ದಾಗ ನಮ್ಮ ತೋಟದ ಬಾವಿಯಲ್ಲೇ ಅಣ್ಣ ಹೋದ. ಅವನಿಗೆ 12. ಅಲ್ಲಿಂದಾಚೆಗೆ ಅವ್ವ ನನ್ನನ್ನ ಕೆರೆ ಏರಿ ಮೇಲೂ ಒಬ್ಬನೇ ಓಡಾಡೋಕೆ ಬಿಡಲಿಲ್ಲ. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಜನ ಜಾತ್ರೆಗೆ ಬಂದಂಗೆ ಬಂದ್ರು. ನಾನೂ ಹೋಗಿದ್ದೆ. ಆದ್ರೆ ದೂರದಲ್ಲೇ ನಿಂತು ನೋಡಿ ವಾಪಸ್ ಬಂದೆ.

ಇಂಥವನು 2025ರಲ್ಲಿ ಮಗಳ ಹಟಕ್ಕೆ ಅಂಡಮಾನ್‌ಗೆ ಹೋದೆ. ಪೋರ್ಟ್ ಬ್ಲೇರ್ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಎದುರಿಗೆ ನಾರ್ತ್ ಬೇ ಅಂತ ಇದೆ. ಹಳೇ ಕೆಂಪು 20 ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರ, ಸಮುದ್ರ ಇತ್ತಲ್ಲ, ಅದು ಈ ನಾರ್ತ್ ಬೇ ನೋಟವೇ. ಎಷ್ಟು ವರ್ಷ ಜೇಬಲ್ಲಿಟ್ಟುಕೊಂಡು ತಿರುಗಿದ್ದೀನಿ, ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ :)

ಅಲ್ಲಿ 'ಸೀ ವಾಕ್' ಮಾಡಿಸ್ತಾರೆ. ತಲೆಗೆ ದೊಡ್ಡ ಹೆಲ್ಮೆಟ್ ಇಟ್ಟು ಸಮುದ್ರದ ತಳದಲ್ಲಿ ನಡೆಸೋದು. "ಈಜು ಬರಬೇಕಾ?" ಅಂತ ಕೇಳಿದೆ. "ನಡೆಯೋಕೆ ಬಂದ್ರೆ ಸಾಕು" ಅಂದ ಹುಡುಗ. ಹೃದಯದ ತೊಂದರೆ, ಆಸ್ತಮಾ, ಕಿವಿನೋವು, ನೆಗಡಿ ಏನಾದ್ರೂ ಇದೆಯಾ ಅಂತ ಒಂದು ಫಾರಂ ತುಂಬಿಸಿಕೊಂಡ್ರು. ನೆಗಡಿ ಇದೆ ಅಂತ ಬರೆದು ತಪ್ಪಿಸ್ಕೊಂಡು ಬಿಡ್ಲಾ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಅದರ ಗುಟ್ಟು ಬಹಳ ಸರಳ. ಬಕೆಟ್ ನೀರಲ್ಲಿ ಲೋಟ ಬೋರಲು ಒತ್ತಿದ್ರೆ ಒಳಗೆ ಗಾಳಿ ಉಳಿಯುತ್ತಲ್ಲ, ಅಷ್ಟೇ. ಹೆಲ್ಮೆಟ್‌ನ ಕೆಳಬಾಯಿ ತೆರೆದೇ ಇರುತ್ತೆ, ಮೇಲಿನಿಂದ ಪೈಪಿನಲ್ಲಿ ಗಾಳಿ ಬರ್ತಾನೇ ಇರುತ್ತೆ. ನೀರು ಗಂಟಲ ಮೇಲಕ್ಕೆ ಏರಲ್ಲ, ಕನ್ನಡಕವೂ ಒದ್ದೆ ಆಗಲ್ಲ. ದಡದಲ್ಲಿ ಎತ್ತೋಕಾಗದಷ್ಟು ಭಾರದ ಹೆಲ್ಮೆಟ್ಟು ನೀರಲ್ಲಿ ಹೆಗಲಿಗೆ ಗೊತ್ತೇ ಆಗಲ್ಲ.

ಇದೆಲ್ಲ ಈಗ ಹೇಳ್ತಿದ್ದೀನಿ. ಆವತ್ತು ಏಣಿಯಲ್ಲಿ ನಾಲ್ಕು ಮೆಟ್ಟಿಲು ಇಳಿದು, ನೀರು ಗಲ್ಲಕ್ಕೆ ಬಂತು ಅನ್ನೋದೊಂದೇ ಗೊತ್ತು, ಕೈಕಾಲು ನಡುಗಿ ಮೇಲಕ್ಕೆ ಹತ್ತಿಬಿಟ್ಟೆ. ಹೆಲ್ಮೆಟ್ ತೆಗೆಸಿಕೊಂಡು ಹಲಗೆ ಮೇಲೆ ಕೂತೆ. ಹೆಂಡತಿ ಏನೂ ಅನ್ನಲಿಲ್ಲ. ಆಮೇಲೆ ನೋಡ್ತೀನಿ, ಮಗಳು ಇಲ್ಲ. ನನಗಿಂತ ಮುಂಚೆನೇ ಇಳಿದಿದ್ದವಳು ಆಗಲೇ ತಳ ಸೇರಿದ್ದಳು. ಮೇಲೆ ಕಾಣ್ತಿದ್ದದ್ದು ಬರೀ ಗುಳ್ಳೆ.

ಬಾವಿಯಲ್ಲಿ ಆವತ್ತು ಗುಳ್ಳೆ ಕೂಡ ಇರಲಿಲ್ಲ ಅಂತ ಅವ್ವ ಯಾರಿಗೋ ಹೇಳಿದ್ದು ಕೇಳಿದ್ದೆ.

ಹೆಲ್ಮೆಟ್ ಇಡಪ್ಪಾ ಅಂದೆ.

ಇಳೀತಾ ಇಳೀತಾ ಕಿವಿ ಹಿಂಡಿದಂಗೆ ಆಗುತ್ತೆ. 10 ಮೀಟರ್ ನೀರು ಅಂದ್ರೆ ಇಡೀ ವಾತಾವರಣದಷ್ಟೇ ಒತ್ತಡ, ನಾವು ಇಳಿದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೆಲ್ಮೆಟ್ ಕೆಳಗಿನಿಂದ ಕೈ ತೂರಿಸಿ ಮೂಗು ಹಿಡಿದು ಮೆಲ್ಲಗೆ ಊದಿದ್ರೆ ಕಿವಿ 'ಟಪ್' ಅಂತ ಬಿಟ್ಟುಕೊಳ್ಳುತ್ತೆ. ನೀವು ಹೋಗೋದಾದ್ರೆ ಎರಡು ಮಾತು ನೆನಪಿಟ್ಟುಕೊಳ್ಳಿ. ಮೇಲೆ ಬರುವಾಗ ಉಸಿರು ಬಿಗಿ ಹಿಡೀಬೇಡಿ, ಶ್ವಾಸಕೋಶದಲ್ಲಿರೋ ಗಾಳಿ ಹಿಗ್ಗುತ್ತೆ. ಮತ್ತೆ ಅದೇ ದಿನ ವಿಮಾನ ಹತ್ತಬೇಡಿ.

ಮಗಳ ಕೈ ಸಿಕ್ತು. ಮೀನುಗಳು ಸುತ್ತ ಮುತ್ತಿದ್ವು. ಜೊತೆಗಿದ್ದವನು ಫೋಟೋಗೆ ಅಂತ ಬ್ರೆಡ್ ಹಾಕ್ತಿದ್ದ, ಅದೊಂದು ನನಗೆ ಹಿಡಿಸಲಿಲ್ಲ. ಹವಳ ಅಲ್ಲಲ್ಲಿ ಸತ್ತು ಬಿಳಿಚಿಕೊಂಡಿತ್ತು. ಕಿವಿ ತುಂಬ ಗಾಳಿಯ ಗೊರಗೊರ ಸದ್ದು. ನಾನು ಮೀನಿಗಿಂತ ಹೆಚ್ಚು ಹೊತ್ತು ಮೇಲೇ ನೋಡ್ತಿದ್ದೆ. ನೀರಿನ ಚಾವಣಿ ಬೆಳ್ಳಗೆ ಹೊಳೀತಿತ್ತು, ಬಿಸಿಲು ಬಲೆ ಬಲೆಯಾಗಿ ಮರಳ ಮೇಲೆ ಆಡ್ತಿತ್ತು.

ಅವ್ವನಿಗೆ ಹೇಳೋದು ಬೇಡ ಅಂತ ಮೂವರೂ ಮಾತಾಡಿಕೊಂಡಿದ್ವಿ. ಊರಿಗೆ ಹೋದ ದಿನವೇ ಮಗಳು ಮೊಬೈಲ್ ತೆಗೆದು ಅಜ್ಜಿಗೆ ವಿಡಿಯೋ ತೋರಿಸಿಬಿಟ್ಟಳು. ನಾನು ಬೈಗುಳಕ್ಕೆ ತಯಾರಾಗಿ ಜಗುಲಿ ಮೇಲೆ ಕೂತಿದ್ದೆ. ಅವ್ವ ಬೈಯಲಿಲ್ಲ. ಕನ್ನಡಕ ಹಾಕ್ಕೊಂಡು ಪೂರ್ತಿ ನೋಡಿದಳು. ಆಮೇಲೆ ಕೇಳಿದಳು:

"ಕೆಳಗೆ ಕತ್ಲು ಇತ್ತೇನಪ್ಪಾ?"

"ಇಲ್ಲವ್ವ. ಬೆಳಕಿತ್ತು."

"ಮ್ಯಾಲಿಂದು ಕಾಣ್ತಿತ್ತಾ?"

"ಎಲ್ಲಾ ಕಾಣ್ತಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲನ್ನ ಮೊಮ್ಮಗಳ ಕೈಗೆ ಕೊಟ್ಟು, "ಇನ್ನೊಂದ್ಸಲ ಹಾಕವ್ವ" ಅಂದಳು.