ಜೂನ್ ಒಂದರಂದು ಹುಟ್ಟಿದವರು

ಮಕ್ಕಳೇ, ಇವತ್ತು ಸಂಜೆ ನಿಮ್ಮ ಅಜ್ಜನ ಹತ್ತಿರ ಕುಳಿತು ಅವರ ಹುಟ್ಟಿದ ತಾರೀಕು ಕೇಳಿ ನೋಡಿ. ‘ಜೂನ್ 1’ ಎಂದು ಉತ್ತರ ಬಂದರೆ ಆಶ್ಚರ್ಯಪಡಬೇಡಿ. ನಮ್ಮ ದೇವರ ಹಿಪ್ಪರಗಿಯಲ್ಲಿ ನನ್ನ ಓರಗೆಯವರ ಒಂದು ದೊಡ್ಡ ದಂಡೇ ಅದೇ ದಿನ ಹುಟ್ಟಿದೆ, ಕಾಗದದ ಮೇಲೆ! ನಾನೂ ಆ ದಂಡಿನವನೇ. ಶಾಲೆಯ ದಾಖಲೆ ನನ್ನನ್ನು 1-6-1952ರಂದು ಹುಟ್ಟಿದವನು ಅನ್ನುತ್ತದೆ.

ನಮ್ಮವ್ವನ ಲೆಕ್ಕ ಬೇರೆ. “ದೇಶದಾಗ ಮೊದಲನೇ ಸಲ ಓಟು ಹಾಕಿದ ವರ್ಷ, ಎಳ್ಳ ಅಮಾಸಿ ಆದ ಮೂರನೇ ದಿನ ನೀ ಹುಟ್ಟೀದಿ. ನಾ ಬಾಣಂತಿ ಇದ್ದೆ, ಓಟು ಹಾಕಾಕ ಹೋಗಲಿಲ್ಲ” ಎಂದು ಅವಳು ನೂರು ಸಲ ಹೇಳಿದ್ದಾಳೆ. ಮೊನ್ನೆ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಹಳೆಯ ಪಂಚಾಂಗ ಹುಡುಕಿ ಲೆಕ್ಕ ಹಾಕಿದಳು. 1951ರ ಡಿಸೆಂಬರ್ 28ಕ್ಕೆ ಎಳ್ಳ ಅಮಾವಾಸ್ಯೆ. ಅಂದರೆ ನಾನು ಹುಟ್ಟಿದ್ದು ಡಿಸೆಂಬರ್ 31ಕ್ಕೆ. ಆಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ದೇಶದ ಮೊದಲ ಸಾರ್ವತ್ರಿಕ ಚುನಾವಣೆ 1951ರ ಅಕ್ಟೋಬರದಿಂದ 1952ರ ಫೆಬ್ರುವರಿವರೆಗೆ ನಡೆಯಿತು. ಅವ್ವ ಓದು ಬರಹ ಕಲಿತವಳಲ್ಲ, ಆದರೆ ಅವಳ ಲೆಕ್ಕ ಪಕ್ಕಾ ಇತ್ತು.

ಹಾಗಾದರೆ ಜೂನ್ 1 ಎಲ್ಲಿಂದ ಬಂತು? ಆಗ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆ. ಜನನ ಬರೆಸುವ ರೂಢಿ ಇರಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಶಾಲೆ ಶುರುವಾಗುವುದು ಜೂನ್ ತಿಂಗಳಿನಲ್ಲಿ. ಅಪ್ಪ ಮಗನ ಕೈಹಿಡಿದು ಶಾಲೆಗೆ ಬಂದರೆ ಮಾಸ್ತರರು, “ಬಲಗೈಯನ್ನ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟಲೇ” ಅನ್ನುವರು. ಕಿವಿ ಸಿಕ್ಕಿತೋ, ಹುಡುಗನಿಗೆ ಆರು ತುಂಬಿತು! ಆ ದಿನಕ್ಕೆ ಸರಿಯಾಗಿ ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆಯುವರು. ಈಗಿನವರು ಇದನ್ನು ಹೇಳಿ ನಗುತ್ತಾರೆ. ನನಗೇನೋ ಆ ಮಾಸ್ತರರ ಮೇಲೆ ಗೌರವವೇ ಇದೆ. ತಾರೀಕು ಗೊತ್ತಿಲ್ಲ ಎಂದು ಯಾವ ಮಗುವನ್ನೂ ಅವರು ವಾಪಸು ಕಳಿಸಲಿಲ್ಲ. ಆದರೆ ಅವರು ಅಂದು ಬರೆದ ಒಂದು ಸಾಲು ಮುಂದೆ ನಮ್ಮ ನೌಕರಿ, ಬಡ್ತಿ, ಪಿಂಚಣಿ ಎಲ್ಲಕ್ಕೂ ಬೆನ್ನುಹತ್ತಿತು.

ಬಿ.ಕಾಂ. ಮುಗಿಸಿ 1975ರಲ್ಲಿ ನಾನು ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಅರ್ಜಿಗೆ ಪೋಸ್ಟಲ್ ಆರ್ಡರ್ ಹಚ್ಚಬೇಕು, ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಆ ಒಂದು ಸಹಿಗೆ ಸಿಂದಗಿಗೆ ಮೂರು ಸಲ ಬಸ್ ಹತ್ತಿದ್ದೆ. ಸೇರುವ ದಿನ ಬರೆದುಕೊಟ್ಟ ತಾರೀಕು 1-6-1952. ಅಲ್ಲಿಂದ ಮುಂದೆ ಅದೇ ಖಾಯಂ.

ಇಲ್ಲೊಂದು ಲೆಕ್ಕ ಇದೆ, ಮಕ್ಕಳಿಗೆ ಇಷ್ಟವಾದೀತು. ನೌಕರನಿಗೆ 60 ತುಂಬಿದ ತಿಂಗಳಿನ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಕಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ಎದ್ದು ಹೋಗಬೇಕು. ಹಾಗಾಗಿ ನಾನು ನಿವೃತ್ತನಾದದ್ದು 2012ರ ಮೇ 31ಕ್ಕೆ. ಮಾಸ್ತರರು ಒಂದರ ಬದಲು ಎರಡನೇ ತಾರೀಕು ಎಂದು ಬರೆದಿದ್ದರೆ ಜೂನ್ 30ರವರೆಗೆ ಕೆಲಸ, ಪೂರ್ತಿ ಒಂದು ತಿಂಗಳ ಹೆಚ್ಚಿನ ಸಂಬಳ! ಅವ್ವನ ತಾರೀಕನ್ನೇ ಬರೆದಿದ್ದರೆ 2011ರ ಡಿಸೆಂಬರಿಗೇ ಮನೆ. ಒಟ್ಟಿನಲ್ಲಿ ಮಾಸ್ತರರಿಂದ ನನಗೆ ಐದು ತಿಂಗಳು ಲಾಭವೇ ಆಯಿತು. ಕರ್ನಾಟಕದಲ್ಲಿ ಪ್ರತಿ ವರ್ಷ ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಅಷ್ಟೊಂದು ಹಾರ ತುರಾಯಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ತಾರೀಕಿನ ತಕರಾರು ಹಳ್ಳಿಯವರದಷ್ಟೇ ಅಲ್ಲ. ನಾನು ನಿವೃತ್ತನಾದ ದಿನವೇ ಭೂಸೇನೆಯ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರೂ ನಿವೃತ್ತರಾದರು. ಅವರ ಮೆಟ್ರಿಕ್ ಪ್ರಮಾಣಪತ್ರದಲ್ಲಿ 10 ಮೇ 1951 ಇತ್ತು. ಹುಡುಗನಾಗಿದ್ದಾಗ ಸೇನಾ ಅಕಾಡೆಮಿಗೆ ಹಾಕಿದ ಅರ್ಜಿಯಲ್ಲಿ 10 ಮೇ 1950. ಸರ್ಕಾರ 1950 ಎಂದೇ ಹಿಡಿಯಿತು. ಅವರು ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಫೆಬ್ರುವರಿಯಲ್ಲಿ ಅರ್ಜಿ ಹಿಂತೆಗೆದುಕೊಂಡರು. ದೇಶದ ಸೇನಾಪತಿಗೂ ಬಾಲ್ಯದ ಅರ್ಜಿಯನ್ನು ತಿದ್ದಿಸಲು ಆಗಲಿಲ್ಲ. ನಮ್ಮ ರಾಜ್ಯ ಸರ್ಕಾರಿ ನೌಕರರಿಗಂತೂ 1974ರ ಕಾಯ್ದೆಯೇ ಇದೆ: ವಯಸ್ಸು ತಿದ್ದಬೇಕೆಂದರೆ ಅದು ಸೇವಾ ಪುಸ್ತಕದಲ್ಲಿ ದಾಖಲಾದ ಮೂರು ವರ್ಷದೊಳಗೆ ಕೇಳಬೇಕು.

ತಾರೀಕಿನದು ಹೇಗೋ ನಡೆಯಿತು. ಹೆಸರಿನದು ಕಠಿಣ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ತೊಂಬತ್ತರ ದಶಕದಲ್ಲಿ ನಮ್ಮ ಶಾಖೆಯ ಜವಾನನೊಬ್ಬ ನೌಕರಿಯಲ್ಲಿರುವಾಗಲೇ ತೀರಿಕೊಂಡ. ಬಹಳ ನಗಿಸುವ ಮನುಷ್ಯ. ಕಾಗದದಲ್ಲಿ ಅವನು ಹೆಂಡತಿಯದು ಮದುವೆಯ ಹೆಸರು ಬರೆಸಿದ್ದ. ರೇಷನ್ ಕಾರ್ಡಿನಲ್ಲಿ ತವರಿನ ಹೆಸರು. ಭವಿಷ್ಯ ನಿಧಿಯ ದುಡ್ಡು ನಿಂತಿತು. “ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಏನು?” ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಆ ತಾಯಿ ಆ ಪತ್ರವನ್ನು ನನ್ನಿಂದ ಓದಿಸಿ ಕೇಳಿ, “ಇಬ್ಬರು ಯಾರ್ರೀ ಸಾಹೇಬ್ರ? ನಾ ಒಬ್ಬಾಕಿನ ಇದ್ದೀನಲ್ಲ” ಅಂದಳು. ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣಪತ್ರ, ನೆರೆಹೊರೆಯವರ ಪಂಚನಾಮೆ, ತಹಶೀಲ್ದಾರ ಕಚೇರಿಯ ವಿಚಾರಣೆ... ಅರ್ಜಿಗಳನ್ನೆಲ್ಲ ನಾನೇ ಬರೆದುಕೊಟ್ಟೆ. ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪಿ.ಯು.ಸಿ. ಓದುತ್ತಿದ್ದ ಹಿರಿಯ ಮಗ ಸೊಲ್ಲಾಪುರದ ಹೋಟೆಲಿಗೆ ದುಡಿಯಲು ಹೋಗಿದ್ದ. ದುಡ್ಡು ಬಂತು, ಹುಡುಗ ಮಾತ್ರ ಕಾಲೇಜಿಗೆ ಮರಳಲಿಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಮೊಮ್ಮಗಳೇ. ಈ ವರ್ಷ ಅವಳು ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಲು ಕುಳಿತಳು. ಈಗ ಗೆಜೆಟೆಡ್ ಸಹಿ ಇಲ್ಲ, ಪೋಸ್ಟಲ್ ಆರ್ಡರ್ ಇಲ್ಲ. ಸರ್ಕಾರಿ ಬ್ಯಾಂಕುಗಳ ಬಹುಪಾಲು ಗುಮಾಸ್ತ ಹುದ್ದೆಗಳಿಗೆ ಐಬಿಪಿಎಸ್ ಒಂದೇ ಪರೀಕ್ಷೆ ಮಾಡುತ್ತದೆ, 2016ರಿಂದ ಅದಕ್ಕೆ ಸಂದರ್ಶನವೂ ಇಲ್ಲ. ‘ಗುಮಾಸ್ತ’ ಎಂಬ ಹೆಸರೂ ಹೋಗಿ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಆಗಿದೆ. (ನಾವು ಮೂವತ್ತೇಳು ವರ್ಷ ಗುಮಾಸ್ತರಾಗಿಯೇ ಇದ್ದೆವು, ಗಿರಾಕಿಗಳೇನೂ ಬೇಸರಪಟ್ಟುಕೊಳ್ಳಲಿಲ್ಲ.) ಆದರೆ ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆಗೆ ಬಂದು, “ಅಜ್ಜಾ, ಒಂದು ಅಕ್ಷರಕ್ಕ ನೌಕರಿ ಹೋಗತೈತೇನು?” ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು.

ನೋಡಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರಿನಲ್ಲಿ ಅಪ್ಪನ ಹೆಸರು ಇಲ್ಲ. ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಗೆ ಒಂದು ‘ಎ’ ಹೆಚ್ಚಿಗೆ ಇದೆ. ನಮ್ಮ ಕಡೆ ‘ಬಿರಾದಾರ್’ ಅನ್ನುವಂತೆ ಬರೆದರೆ ದಕ್ಷಿಣದವರು ‘ಬಿರಾದಾರ’ ಅನ್ನುವಂತೆ ಬರೆಯುತ್ತಾರಲ್ಲ, ಅದೇ ತಾಪತ್ರಯ. ಅವಳಿಗೆ ಊರಿನದೂ ಹೆದರಿಕೆ: ಹಳೆಯ ಕಾಗದದಲ್ಲಿ ಸಿಂದಗಿ ತಾಲೂಕು, ಬಿಜಾಪುರ ಜಿಲ್ಲೆ, ಹೊಸದರಲ್ಲಿ ದೇವರ ಹಿಪ್ಪರಗಿ ತಾಲೂಕು, ವಿಜಯಪುರ ಜಿಲ್ಲೆ. ಊರಿಗೆ ಹೆದರಬೇಕಿಲ್ಲ ಅಂದೆ. ಜಿಲ್ಲೆಯ ಹೆಸರು ಬದಲಿಸಿದ್ದು ಸರ್ಕಾರವೇ, 2014ರ ನವೆಂಬರ್ 1ಕ್ಕೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಸರಿನದು ಮಾತ್ರ ನಿಜವಾದ ಚಿಂತೆ. ಅರ್ಜಿಯಲ್ಲಿ, ಪ್ರವೇಶ ಪತ್ರದಲ್ಲಿ, ಗುರುತಿನ ಚೀಟಿಯಲ್ಲಿ ಹೆಸರು ಅಕ್ಷರಶಃ ಒಂದೇ ಇರಬೇಕು ಎಂದು ಸೂಚನೆಯಲ್ಲೇ ಬರೆದಿದ್ದಾರೆ.

“ಅಂಕಪಟ್ಟಿ ತಿದ್ದಸೂದಾ, ಆಧಾರ್ ತಿದ್ದಸೂದಾ?” ಎಂದು ಅವಳ ಪ್ರಶ್ನೆ. ಇಂಥಲ್ಲಿ ಹಳೆಯ ಗುಮಾಸ್ತನ ಬುದ್ಧಿ ಉಪಯೋಗಕ್ಕೆ ಬರುತ್ತದೆ. ಅಂಕಪಟ್ಟಿ ಬೇರು, ಉಳಿದದ್ದೆಲ್ಲ ಟೊಂಗೆ. ಅಂಕಪಟ್ಟಿ ತಿದ್ದಲು ಹೋದರೆ ಶಾಲೆ, ಮಂಡಳಿ ಎಂದು ತಿಂಗಳುಗಟ್ಟಲೆ ಓಡಾಟ. ಆಧಾರ್ ಬೇಗ ಆಗುತ್ತದೆ. ಆದರೆ ಅಲ್ಲಿಯೂ ಮಿತಿ ಇದೆ: ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ತಾರೀಕನ್ನು ಒಂದೇ ಸಲ ತಿದ್ದಬಹುದು. ಹಾಗಾಗಿ ಕೇಂದ್ರದಲ್ಲಿ ಬೆರಳಚ್ಚಿನವರು ಹೊಡೆದದ್ದನ್ನು ಪರದೆಯ ಮೇಲೆ ಒಂದೊಂದೇ ಅಕ್ಷರ ಓದಿ, ಆಮೇಲೆ ಹೂಂ ಅನ್ನಬೇಕು. ಮರುದಿನ ಬೆಳಿಗ್ಗೆ ನಾನೇ ಅವಳ ಜೊತೆ ಹೋದೆ. ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದ ನನ್ನನ್ನು ಕಂಡು ಅಲ್ಲಿನ ಹುಡುಗ, “ಅಜ್ಜಾರ, ಲೆಡ್ಜರ್ ಚೆಕ್ ಮಾಡಾಕತ್ತೀರೇನ್ರಿ?” ಎಂದು ನಕ್ಕ.

ನಿಮ್ಮ ಪಾಡು ಇಷ್ಟು ಕಷ್ಟವಿಲ್ಲ, ಮಕ್ಕಳೇ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಸರ್ಕಾರಿ ನೌಕರಿಗೂ ಜನನ ಪ್ರಮಾಣಪತ್ರವೇ ಹುಟ್ಟಿದ ತಾರೀಕಿಗೆ ಆಧಾರ ಎಂದು ಕಾಯ್ದೆ ಆಗಿದೆ. ನಿಮ್ಮ ಮನೆಯ ತೊಟ್ಟಿಲಲ್ಲಿರುವ ತಮ್ಮ ತಂಗಿಯರು ಕಿವಿ ಮುಟ್ಟಿ ತೋರಿಸಬೇಕಿಲ್ಲ. ನೀವು ಎಂಟನೆಯದೋ ಒಂಬತ್ತನೆಯದೋ ಓದುತ್ತಿದ್ದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯವರು ಹೆಸರು ಕಳಿಸುವ ಮೊದಲು ಅದನ್ನೊಮ್ಮೆ ಅಪ್ಪ ಅವ್ವನಿಗೆ ತೋರಿಸಿ ಓದಿಸಿ. ಆಗ ತಿದ್ದಿಸುವುದು ಬಹಳ ಸುಲಭ.

ತಿದ್ದಿದ ಆಧಾರ್ ಬಂತು, ಕೊನೆಯ ದಿನಕ್ಕೆ ಮೊದಲೇ ಅರ್ಜಿಯೂ ಹೋಯಿತು. ಪರೀಕ್ಷೆಯ ಭಾಷೆ ಎಂಬಲ್ಲಿ ಅವಳು ಕನ್ನಡ ಆರಿಸಿದಳು. ಗುಮಾಸ್ತ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು 2021ರಲ್ಲಿ ತೀರ್ಮಾನವಾಗಿದೆ. ನಾನು ಇಂಗ್ಲಿಷಿನಲ್ಲಿ ಬೆವರಿದ್ದು ನನಗೇ ಗೊತ್ತು.

ಅರ್ಜಿ ಮುಗಿದ ಮೇಲೆ ಅವಳ ಕಣ್ಣು ನಮ್ಮ ಕಡೆ ತಿರುಗಿತು. “ಅಜ್ಜಾ, ನಿಮ್ಮ ಪಿಂಚಣಿ ಕಾಗದದಾಗ ಅಮ್ಮನ ಹೆಸರು ಏನೈತಿ? ತಗೀರಿ ನೋಡೂಣು.” ಟ್ರಂಕು ತೆಗೆದು ಪಿಂಚಣಿ ಕಾಗದ, ಪಾಸ್‌ಬುಕ್ಕು, ಆಧಾರ್ ಮೂರನ್ನೂ ಹಾಸಿಗೆಯ ಮೇಲೆ ಹರಡಿದೆವು. ಮೂರರಲ್ಲೂ ಒಂದೇ ಹೆಸರು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. “ನಮ್ಮತ್ತಿ ನನ್ನ ಹೆಸರು ಬದಲ ಮಾಡಾಕ ಬಿಟ್ಟಿಲ್ಲ. ‘ಇದ ಚೆಂದ ಐತಿ, ಇರಲಿ ಬಿಡ್ರಿ’ ಅಂದಿದ್ರು” ಎಂದು ಹೇಳಿ, ಚಹಾಕ್ಕೆ ಇಡಲು ಒಳಗೆ ಹೋದಳು.