ಚೆಂಡನ್ನು ಬಿಟ್ಟ ಕ್ಯಾಮೆರಾ

ಬೇಸ್‌ಬಾಲ್ ನಮ್ಮ ಕಡೆಯ ಆಟವಲ್ಲ, ಗೊತ್ತು. ಆದರೂ ಅಮೆರಿಕದವರು ಅದನ್ನು ಟಿವಿಯಲ್ಲಿ ತೋರಿಸುವ ಬಗೆ ನಮ್ಮನ್ನು ಹಿಡಿದು ಕೂರಿಸಿತು.

ಮೈದಾನದ ಹೊರಗೊಂದು ದೊಡ್ಡ ವ್ಯಾನ್. ಒಳಗೆ ಸಾಲುಸಾಲು ಪರದೆ, ಕ್ಯಾಮೆರಾಕ್ಕೊಂದು. ನಿರ್ದೇಶಕರು ಪರದೆ ನೋಡುತ್ತಲೇ ‘ಎರಡು... ಈಗ ನಾಲ್ಕು’ ಎಂದು ನಂಬರ್ ಕೂಗುತ್ತಾರೆ. ಕೂಗಿದ ಕ್ಯಾಮೆರಾ ಕಂಡದ್ದಷ್ಟೇ ಮನೆಯವರಿಗೆ ಕಾಣುವುದು. ಚೆಂಡು ಒಂದು ಕಡೆ ಹಾರಿದರೆ ಓಡುವವರು ಇನ್ನೊಂದು ಕಡೆ. ಏನನ್ನು ತೋರಿಸದೆ ಬಿಡಬೇಕು ಎನ್ನುವುದೇ ಕಷ್ಟ.

1975ರ ವರ್ಲ್ಡ್ ಸೀರೀಸ್, ಬಾಸ್ಟನ್‌ನ ಫೆನ್ವೇ ಪಾರ್ಕ್, ಆರನೇ ಪಂದ್ಯ. ಎನ್‌ಬಿಸಿಯ ನಿರ್ದೇಶಕ ಹ್ಯಾರಿ ಕಾಯ್ಲ್ ಎಡಗಡೆಯ ಎತ್ತರದ ಗೋಡೆಯ ಸ್ಕೋರ್‌ಬೋರ್ಡ್ ಒಳಗೂ ಒಂದು ಕ್ಯಾಮೆರಾ ಇಡಿಸಿದ್ದರು. ಸ್ಕೋರು 6-6. 12ನೇ ಇನ್ನಿಂಗ್ಸ್‌ನಲ್ಲಿ ಬಾಸ್ಟನ್‌ನ ಕಾರ್ಲ್‌ಟನ್ ಫಿಸ್ಕ್ ಚೆಂಡನ್ನು ಎತ್ತಿ ಹೊಡೆದ. ಗೆರೆಯ ಒಳಗಾದರೆ ಗೆಲುವು, ಹೊರಗಾದರೆ ಏನೂ ಇಲ್ಲ. ಆ ಕ್ಯಾಮೆರಾದವನು ಚೆಂಡಿನ ಹಿಂದೆ ಹೋಗಬೇಕಿತ್ತು. ಕಾಲಬಳಿ ಹೆಗ್ಗಣ ಬಂದಿತ್ತು, ಅದಕ್ಕೇ ಅಲುಗಲಿಲ್ಲ ಎಂದು ಆಮೇಲೆ ಹೇಳಿದ. (ಹೆಗ್ಗಣಕ್ಕೆ ಸ್ವಲ್ಪ ಉಪ್ಪುಖಾರ ಸೇರಿರಬಹುದು ಅಂತ ನಮ್ಮ ಗುಮಾನಿ.) ಅವನಿಗೆ ಸಿಕ್ಕಿದ್ದು ಫಿಸ್ಕ್: ಚೆಂಡನ್ನು ಗೆರೆಯೊಳಕ್ಕೆ ತಳ್ಳುವವನಂತೆ ಎರಡೂ ಕೈ ಬೀಸುತ್ತ, ಕುಪ್ಪಳಿಸುತ್ತ ಬೇಡಿಕೊಳ್ಳುತ್ತಿದ್ದ. ಚೆಂಡು ಗೆರೆಯ ಕಂಬಕ್ಕೆ ಬಡಿಯಿತು, ಬಾಸ್ಟನ್ ಗೆದ್ದಿತು. ಮರುಪಂದ್ಯ ಗೆದ್ದು ಕಪ್ ಒಯ್ದವರು ಸಿನ್ಸಿನಾಟಿಯವರು. ಜನ ಇವತ್ತಿಗೂ ನೆನೆಯುವುದು ಆ ಬೀಸುವ ಕೈಗಳನ್ನು.

ಈಗ ಊರ ಕಬಡ್ಡಿ ಚಿತ್ರಿಸಲು ನಾವು ಎರಡು ಫೋನ್ ಒಯ್ಯುತ್ತೇವೆ. ಒಂದು ರೈಡರ್ ಮೇಲೆ. ಇನ್ನೊಂದು, ಔಟಾಗಿ ಗೆರೆಯಾಚೆ ಕೂತು ಮಣ್ಣು ಕೆದಕುತ್ತಿರುವ ಹುಡುಗನ ಮೇಲೆ.