ಹೊಳೆಯುವುದನ್ನು ಮುಟ್ಟಬೇಡಿ

ಭಾನುವಾರ ಬೆಳಗಿನ ಐದೂವರೆ. ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಮುಂದೆ ಹೂವಿನ ಮೂಟೆಗಳು ಇನ್ನೂ ಲಾರಿಯಿಂದ ಇಳಿಯುತ್ತಿವೆ. ಸೇವಂತಿಗೆಯ ವಾಸನೆ ದಾಟಿ ಎಸ್.ಜೆ.ಪಿ. ರಸ್ತೆಯ ಕಡೆ ತಿರುಗಿದರೆ ಗ್ರೀಸು, ತುಕ್ಕು, ಸುಟ್ಟ ಆಯಿಲ್ಲು ಮೂಗಿಗೆ ಬಡಿಯುತ್ತವೆ. ಅಂಗಡಿಗಳ ಷಟರ್ ಎಳೆದಿದೆ. ಅವುಗಳ ಮುಂದೆ ಟಾರ್ಪಾಲು ಹಾಸಿ ಕೂತವರದ್ದೇ ಈ ಹೊತ್ತಿನ ವ್ಯಾಪಾರ. ಸಂಡೇ ಬಜಾರ್. ಬೀದಿದೀಪ ಉರಿಯುತ್ತಿದ್ದರೂ ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚು. ಇಲ್ಲಿ ಕೊಳ್ಳುವವನ ಕಣ್ಣು ಚುರುಕಾಗಿರಬೇಕು, ಬಾಯಿ ಕಡಿಮೆ ಆಡಬೇಕು.

ನಿಮ್ಮ ಮುಂದೆ ಬಿರಬಿರನೆ ಹೆಜ್ಜೆ ಹಾಕುತ್ತಿರುವವರು ನಿಮ್ಮ ಬಡಾವಣೆಯ ಸೈಕಲ್ ಶಾಪಿನ ಯಜಮಾನರು. ಎಳೆಯರಿಗೂ ಮುದುಕರಿಗೂ ಅವರು ಭಾಯ್. ಹಳೆಯ ಹಬ್ಬು, ಪೆಡಲು, ಸ್ಟ್ಯಾಂಡು ಆರಿಸಲು ಇಲ್ಲಿಗೆ ಬರುತ್ತಾರೆ. ಅವರದೊಂದು ಕಟ್ಟುನಿಟ್ಟಿನ ನೇಮ: ಹೊಳೆಯುವುದನ್ನು ಮುಟ್ಟುವುದಿಲ್ಲ.

‘ತುಕ್ಕು ಹಿಡಿದಿದ್ದು ಗುಜರಿಯಿಂದ ಬಂದಿರುತ್ತೆ ಸಾರ್. ಹೊಳೆಯೋದು ಎಲ್ಲಿಂದ ಬಂತೋ, ಆ ಮೇಲಿನವನಿಗೇ ಗೊತ್ತು.’

ಇಲ್ಲಿ ಕೂತವರೆಲ್ಲ ಕಳ್ಳಮಾಲು ಮಾರುತ್ತಾರೆಂದು ತಿಳಿದರೆ ತಪ್ಪಾಗುತ್ತದೆ. ಮುಕ್ಕಾಲು ಪಾಲು ಜನ ಮನೆಮನೆ ತಿರುಗಿ ಹಳೇ ಸಾಮಾನು ಕೊಂಡು ತಂದವರು. ಆದರೆ ಆ ರಾಶಿಯಲ್ಲಿ ಇನ್ನೊಂದು ಬಗೆಯದೂ ಸೇರಿಕೊಂಡರೆ ಬೇರ್ಪಡಿಸುವವರು ಯಾರು? ಭಾಯ್ ಒಂದು ಟಾರ್ಪಾಲಿನ ಮುಂದೆ ನಿಲ್ಲುತ್ತಾರೆ. ಕುಕ್ಕರಿನ ಮುಚ್ಚಳ, ಚಾರ್ಜರ್‌ಗಳ ಸಿಕ್ಕು, ಡ್ರಿಲ್ ಬಿಟ್ಟುಗಳ ನಡುವೆ ಮೂರು ಸೈಕಲ್ ಸೀಟು, ಡಿಸ್ಕ್ ಸಮೇತ ಒಂದು ಮುಂದಿನ ಚಕ್ರ. ಟಾರ್ಚಿನ ಬೆಳಕನ್ನು ಒಂದು ಸೀಟಿನ ಮೇಲೆ ಹಿಡಿಯುತ್ತಾರೆ. ಕೈ ಮಾತ್ರ ಬೆನ್ನ ಹಿಂದೆಯೇ ಇದೆ.

‘ಕಂಬ ನೋಡಿ. ಕೆಳಗಿನ ನಾಲ್ಕು ಬೆರಳು ಗ್ರೀಸು ಇನ್ನೂ ಹಸಿ. ಅದರ ಮೇಲೆ ಧೂಳಿನ ಗೆರೆ. ಒಂದೆರಡು ದಿನದ ಹಿಂದೆ ಇದು ಯಾವುದೋ ಫ್ರೇಮಲ್ಲಿ ಕೂತಿತ್ತು. ಇದಕ್ಕೆ ಸ್ಪ್ಯಾನರೂ ಬೇಕಿಲ್ಲ, ಲಿವರ್ ಎತ್ತಿ ಮೇಲಕ್ಕೆ ಎಳೆದರೆ ಆಯ್ತು.’

‘ತಗೊಳ್ಳಿ ಭಾಯ್, ಮುನ್ನೂರು,’ ಅನ್ನುತ್ತಾನೆ ಟಾರ್ಪಾಲಿನವನು. ಭಾಯ್ ಆಗಲೇ ಮುಂದಕ್ಕೆ ಹೋಗಿದ್ದಾರೆ.

ನೀವು ಅಲ್ಲೇ ನಿಂತು ಆ ಚಕ್ರವನ್ನು ನೋಡುತ್ತೀರಿ. ಅದರ ಅಚ್ಚಿಗೂ ನಟ್ಟಿಲ್ಲ, ಅದೇ ಬಗೆಯ ಲಿವರ್ ಇದೆ. ಟುಲ್ಲಿಯೊ ಕಂಪಾನ್ಯೋಲೊ ಎಂಬ ಇಟಲಿಯ ಸೈಕಲ್ ಪಟು 1927ರಲ್ಲಿ ಹಿಮ ಬೀಳುತ್ತಿದ್ದ ಕಣಿವೆಯ ರಸ್ತೆಯಲ್ಲಿ, ಮರಗಟ್ಟಿದ ಬೆರಳಿನಿಂದ ಚಕ್ರದ ನಟ್ಟು ಬಿಚ್ಚಲಾಗದೆ ರೇಸು ಸೋತನಂತೆ. ಆ ಸಿಟ್ಟಿನಲ್ಲೇ ಬೆರಳ ತುದಿಯಿಂದ ಬಿಚ್ಚುವ ಈ ಲಿವರ್ ಹುಟ್ಟಿತೆಂಬ ಕಥೆ ರೇಸಿನವರ ಬಾಯಲ್ಲಿದೆ. ರೇಸಿನವನಿಗೆ ಉಳಿದ ಅರೆ ನಿಮಿಷ ಈಗ ಮೆಟ್ರೊ ಸ್ಟೇಷನ್ನಿನ ಕಂಬಿಯ ಪಕ್ಕದಲ್ಲಿ ಇನ್ನೊಬ್ಬನಿಗೂ ಉಳಿಯುತ್ತಿದೆ. ಹಾಲಿನವರ, ಪೇಪರ್‌ನವರ ಕಪ್ಪು ಸೈಕಲ್ಲಿಗೆ ಈ ಕಾಟವಿಲ್ಲ. ಅದರ ನಟ್ಟು ಸಡಿಲಿಸಲು ಸ್ಪ್ಯಾನರ್ ಬೇಕು, ಜೊತೆಗೆ ಸ್ವಲ್ಪ ರಟ್ಟೆಬಲವೂ ಬೇಕು.

ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ನೋಡಿದವರಿಗೆ ಈ ರಸ್ತೆ ಹೊಸದಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವ ಆಂಟೋನಿಯೊನ ಸೈಕಲ್ ಕಳುವಾದ ಮರುದಿನ ಬೆಳಗ್ಗೆ, ಅವನ ಗೆಳೆಯ ರೋಮಿನ ಪಿಯಾಟ್ಸಾ ವಿಟ್ಟೋರಿಯೊ ಸಂತೆಯಲ್ಲಿ ಇಡೀ ಸೈಕಲ್ಲನ್ನು ಹುಡುಕಿಸುವುದಿಲ್ಲ. ಒಬ್ಬ ಟೈರು ನೋಡಬೇಕು, ಒಬ್ಬ ಫ್ರೇಮು, ಆಂಟೋನಿಯೊನ ಪುಟ್ಟ ಮಗ ಬ್ರೂನೊ ಪಂಪು ಮತ್ತು ಬೆಲ್ಲು. ಅನುಭವಸ್ಥ ಗೆಳೆಯ; ಸೈಕಲ್ ರಾತ್ರಿಯೇ ಬಿಡಿಬಿಡಿಯಾಗಿರುತ್ತದೆಂದು ಬಲ್ಲವನು. ಸಂತೆಯಲ್ಲಿ ಒಬ್ಬ ಫ್ರೇಮಿಗೆ ಬಣ್ಣ ಬಳಿಯುತ್ತಿರುತ್ತಾನೆ. ಪೊಲೀಸರನ್ನು ಕರೆತಂದು ನಂಬರ್ ಓದಿಸುತ್ತಾರೆ, ಹೊಂದುವುದಿಲ್ಲ. ಟೈರಿಗೆ, ಪಂಪಿಗೆ, ಬೆಲ್ಲಿಗೆ ಓದಿಸಲು ನಂಬರೇ ಇಲ್ಲವಲ್ಲ. ಸೈಕಲ್ ಕಳ್ಳನ ಲಾಭ ಇರುವುದೇ ಅಲ್ಲಿ. ಇಡಿಯಾಗಿದ್ದರೆ ಅದು ನಿಮ್ಮದು, ಬಿಡಿಯಾದ ಮೇಲೆ ಯಾರದೂ ಅಲ್ಲ.

ಹತ್ತು ಗಂಟೆಗೆ ಶಾಪಿನ ಷಟರ್ ಏಳುತ್ತದೆ. ಟ್ಯೂಬಿನ ತೊಟ್ಟಿಗೆ ನೀರು ತುಂಬಿ, ಊದುಬತ್ತಿ ಹಚ್ಚುವಷ್ಟರಲ್ಲಿ ಒಬ್ಬ ಹುಡುಗ ಬಂದು ನಿಲ್ಲುತ್ತಾನೆ. ಹಾಸನದವನು, ಇಂಜಿನಿಯರಿಂಗ್ ಓದುತ್ತಾ ಪಿ.ಜಿ.ಯಲ್ಲಿದ್ದಾನೆ. ಕೈಯಲ್ಲಿ ಹಾವಿನ ಪೊರೆಯ ಹಾಗೆ ಜೋತಾಡುವ ಕೇಬಲ್ ಲಾಕ್, ಎರಡು ತುಂಡು.

‘ಭಾಯ್, ಬೇಸ್‌ಮೆಂಟಲ್ಲೇ ಇಟ್ಟಿದ್ದೆ. ಗೇಟ್ ಬೇರೆ ಹಾಕಿತ್ತು.’

‘ಯಾವುದಕ್ಕೆ ಸೇರಿಸಿ ಬೀಗ ಹಾಕಿದ್ದೆ?’

‘ಯಾವುದಕ್ಕೂ ಇಲ್ಲ. ಚಕ್ರಕ್ಕೇ ಸುತ್ತಿದ್ದೆ.’

ಭಾಯ್ ಬೈಯುವುದಿಲ್ಲ. ಕೇಬಲ್ಲಿನ ಒಂದು ತುಂಡನ್ನೂ ಕಟಿಂಗ್ ಪ್ಲೈಯರನ್ನೂ ನಿಮ್ಮ ಕೈಗೆ ಕೊಡುತ್ತಾರೆ. ಒತ್ತಿ ನೋಡಿ. ಮೇಲಿನ ಪ್ಲಾಸ್ಟಿಕ್ ಹರಿದು, ಒಳಗಿನ ಸಣ್ಣ ತಂತಿಯ ಎಳೆಗಳು ಕರಕರ ಎಂದು ಒಂದೊಂದಾಗಿ ಬಿಟ್ಟುಕೊಡುತ್ತವೆ. ಮೂರನೇ ಒತ್ತಿಗೆ ಮುಗಿಯಿತು. ಶಬ್ದ ಪಕ್ಕದ ಟೀ ಅಂಗಡಿಗೂ ಮುಟ್ಟಿಲ್ಲ. ಮೂವತ್ತು ಸಾವಿರದ ಸೈಕಲ್ಲಿಗೆ ಇನ್ನೂರು ರೂಪಾಯಿಯ ಬೀಗ ಹಾಕುವ ಜಾಣತನ ನಮ್ಮ ಊರಿನಲ್ಲಿ ಯಾಕಿಷ್ಟು ಬೆಳೆಯಿತೋ!

ಗೋಡೆಯ ಮೊಳೆಯಿಂದ ಇಳಿದು ಬರುತ್ತದೆ ಯು-ಲಾಕ್. ಬೆರಳಿಗಿಂತ ದಪ್ಪದ, ಹದ ಮಾಡಿದ ಉಕ್ಕು. ಇದನ್ನು ಹಿಡಿದರೆ ಕೈ ಕೆಳಕ್ಕೆ ಜಗ್ಗುತ್ತದೆ. ‘ದೊಡ್ಡದು ಕೊಡಿ’ ಎಂದು ನೀವು ಕೇಳುತ್ತೀರಿ. ಭಾಯ್ ಚಿಕ್ಕದನ್ನೇ ಕೊಡುತ್ತಾರೆ. ಒಳಗೆ ಜಾಗ ಉಳಿದಷ್ಟೂ ರಾಡು ತೂರಿಸಿ ಮೀಟುವವನಿಗೆ ಅನುಕೂಲ. ಚಕ್ರ, ಫ್ರೇಮು, ಕಂಬಿ ಮೂರೂ ಸೇರಿ ಹೊಟ್ಟೆ ತುಂಬಬೇಕು, ಗಾಳಿ ಆಡಬಾರದು. ಬೀಗದ ಕಿಂಡಿ ನೆಲದ ಕಡೆ ಮುಖ ಮಾಡಿರಲಿ, ಆದರೆ ಬೀಗ ನೆಲ ಮುಟ್ಟದಿರಲಿ; ನೆಲಕ್ಕೆ ತಾಗಿದರೆ ಸುತ್ತಿಗೆಗೆ ಆಧಾರ ಸಿಕ್ಕ ಹಾಗೆ. ಚಕ್ರ ಒಂದಕ್ಕೇ ಹಾಕುವುದಾದರೆ ಹಿಂದಿನದಕ್ಕೆ ಹಾಕಿ, ಅದೂ ಫ್ರೇಮಿನ ಹಿಂದಿನ ತ್ರಿಕೋನದೊಳಗೆ ರಿಮ್ಮು ಬರುವ ಜಾಗದಲ್ಲಿ. ಆಗ ಚಕ್ರ ಬಿಚ್ಚಿದರೂ ಫ್ರೇಮು ಕಂಬಿಯಿಂದ ಈಚೆ ಬರುವುದಿಲ್ಲ. 2008ರಲ್ಲಿ ತೀರಿಕೊಂಡ ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಈ ಉಪಾಯವನ್ನು ಜಗತ್ತಿಗೆಲ್ಲ ಹೇಳಿಕೊಟ್ಟವರು. ಭಾಯ್ ಆ ಹೆಸರು ಕೇಳಿಲ್ಲ, ಉಪಾಯ ಮಾತ್ರ ಅದೇ.

‘ಇದನ್ನ ಮುರಿಯೋಕೆ ಆಗಲ್ವಾ?’ ಹುಡುಗನ ಪ್ರಶ್ನೆ.

‘ಬ್ಯಾಟರಿ ಗ್ರೈಂಡರ್ ಇದ್ರೆ ಎಲ್ಲಾನೂ ಮುರೀಬಹುದು. ಆದರೆ ಕಿಡಿ ಹಾರುತ್ತೆ, ಬೀದಿಗೆಲ್ಲ ಕೇಳುತ್ತೆ. ಅವನಿಗೆ ಬೇಕಾಗಿರೋದು ಟೈಮು. ಅದನ್ನ ನೀನು ಕೊಡಬಾರದು, ಅಷ್ಟೆ.’

ಉಕ್ಕು ಎಷ್ಟು ಗಟ್ಟಿಯಾದರೂ ಕಿಂಡಿ ಸೋತದ್ದುಂಟು. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಂಡು ಕೀಲಿಯ ಬೀಗಗಳು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಗೇ ತೆರೆದುಕೊಂಡವು. ವಿಡಿಯೊ ಹರಡಿ, ಕಂಪನಿ ಹಳೇ ಬೀಗ ಪಡೆದು ಹೊಸದು ಕೊಡಬೇಕಾಯಿತು. ಹಾಗಾಗಿ ದುಂಡು ಕಿಂಡಿಯ ಅಗ್ಗದ ಬೀಗ ಕಂಡರೆ ಭಾಯ್ ಶಾಪಿನೊಳಗೇ ಇಡುವುದಿಲ್ಲ.

ಇನ್ನು ಸೀಟು. ನಿಮ್ಮ ಸೈಕಲ್ಲಿನ ಸೀಟಿನ ಲಿವರನ್ನು ತೆಗೆದು ಭಾಯ್ ಅಲೆನ್ ಬೋಲ್ಟು ಹಾಕುತ್ತಾರೆ. ಬೋಲ್ಟಿನ ತಲೆಯ ಆರು ಮೂಲೆಯ ಗುಳಿಗೆ ಸರಿಯಾಗಿ ಕೂರುವ ಒಂದು ಬೇರಿಂಗ್ ಬಾಲ್ ಆರಿಸಿ ಒಳಗೆ ಕೂರಿಸಿ, ಮೇಲೆ ಮೇಣ ತೊಟ್ಟಿಕ್ಕಿಸುತ್ತಾರೆ. ನಾಳೆ ನಿಮಗೆ ಬಿಚ್ಚಬೇಕಾದರೆ ಮೇಣ ಕೆರೆದು, ಅಯಸ್ಕಾಂತದಿಂದ ಬಾಲ್ ಎತ್ತಬೇಕು. ಕತ್ತಲಲ್ಲಿ ಅಲೆನ್ ಕೀ ತೂರಿಸಲು ನೋಡುವವನಿಗೆ ಗುಳಿಯೇ ಸಿಗುವುದಿಲ್ಲ. ಆಮೇಲೆ ಸವೆದ ಹಳೇ ಚೈನಿನ ತುಂಡೊಂದನ್ನು ಟ್ಯೂಬಿನೊಳಗೆ ತೂರಿಸಿ, ಸೀಟಿನ ಅಡಿಯ ಕಂಬಿಗೂ ಫ್ರೇಮಿಗೂ ಸುತ್ತಿ, ಚೈನ್ ಕಟರಿನಿಂದ ಪಿನ್ನು ಕೂರಿಸುತ್ತಾರೆ. ಖರ್ಚು ಒಂದು ಟೀಯದು. ನೋಡಲು ಅಂದವಿಲ್ಲ. ಅಂದ ಕೆಟ್ಟಷ್ಟೂ ಒಳ್ಳೆಯದೆಂದು ನನಗಂತೂ ಅನ್ನಿಸುತ್ತದೆ.

ಹುಡುಗ ಇನ್ನೂ ಹೊರಟಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಟ್ಟು ಏನು ಪ್ರಯೋಜನ ಎಂದು ಅವನ ಗೆಳೆಯರು ಹೇಳಿದ್ದಾರಂತೆ. ಅದು ಸೋಮಾರಿಗಳ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಕಳವಿನ ಮಾಲೆಂದು ಗೊತ್ತಿದ್ದೂ ಕೊಂಡವನನ್ನು 317ನೇ ಕಲಮು ಹಿಡಿಯುತ್ತದೆ. ಆದರೆ ಪೊಲೀಸರು ಹತ್ತಾರು ಸೈಕಲ್ ಒಟ್ಟಿಗೆ ಹಿಡಿದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದಾಗ, ಇದು ನನ್ನದೆಂದು ತೋರಿಸುವುದು ಹೇಗೆ? ಕಾರಿನ ಹಾಗೆ ಆರ್‌ಸಿ ಇಲ್ಲ, ನಂಬರ್ ಪ್ಲೇಟಿಲ್ಲ. ಜಪಾನಿನಲ್ಲಿ 1994ರಿಂದ ಪ್ರತಿ ಸೈಕಲ್ಲಿಗೂ ನೋಂದಣಿ ಕಡ್ಡಾಯ. ನಮ್ಮಲ್ಲೂ ಒಂದು ಕಾಲಕ್ಕೆ ವರ್ಷಾವರ್ಷ ತೆರಿಗೆ ಕಟ್ಟಿಸಿಕೊಂಡು ತಗಡಿನ ಬಿಲ್ಲೆ ಕೊಡುತ್ತಿದ್ದರು. ಈಗ ಅದೂ ಇಲ್ಲ.

ಭಾಯ್ ನಿಮ್ಮ ಸೈಕಲ್ಲನ್ನೇ ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಪೆಡಲಿನ ಅಚ್ಚು ಕೂರುವ ಕೊಳವೆಯ ತಳದಲ್ಲಿ ಒಣಗಿದ ಕೆಸರು. ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದರೆ ಅಕ್ಷರಗಳು ಏಳುತ್ತವೆ, ಲೋಹಕ್ಕೇ ಕುಟ್ಟಿದ ನಂಬರು. ಫೋಟೊ ತೆಗೆದುಕೊಳ್ಳಿ ಎಂದು ನಿಮಗೆ ಸನ್ನೆ ಮಾಡಿ, ಹುಡುಗನ ಕಡೆ ತಿರುಗುತ್ತಾರೆ.

‘ನಿಂದು ಬಿಲ್ಲಲ್ಲಿ ಬರೆದಿರ್ತಾರೆ. ಎಲ್ಲಿದೆ?’

‘ಮನೇಲಿ. ಅಮ್ಮನ ಹತ್ರ ಇರ್ಬೇಕು.’

‘ಮಾಡು ಫೋನು.’

ಹುಡುಗ ಸ್ಪೀಕರ್ ಹಾಕುತ್ತಾನೆ. ಹಾಸನದ ಅಡುಗೆಮನೆಯ ಒಗ್ಗರಣೆಯ ಸದ್ದು ಶಾಪಿನ ತನಕ ಬರುತ್ತದೆ.

‘ಸೈಕಲ್ ಬಿಲ್ಲಾ? ಯಾಕೋ, ಏನಾಯ್ತು?’

‘ಏನಿಲ್ಲಮ್ಮ. ಸುಮ್ನೆ. ನಂಬರ್ ಒಂದು ಓದು.’

ಬೀರು ತೆರೆಯುವ ಸದ್ದು, ಕಾಗದದ ಸರಪರ, ಕನ್ನಡಕಕ್ಕೆ ಹುಡುಕಾಟ. ಕೊನೆಗೆ ಒಂದೊಂದೇ ಅಂಕೆ ಬರುತ್ತದೆ. ಭಾಯ್ ಹಳೇ ಟ್ಯೂಬ್ ಡಬ್ಬಿಯ ರಟ್ಟಿನ ಮೇಲೆ ಬರೆದುಕೊಳ್ಳುತ್ತಾರೆ.

‘ಕೊನೇದು ಮಸಿ ಹರಡ್ಕೊಂಡಿದೆ ಮಗ. ಎಂಟೋ, ಮೂರೋ ಗೊತ್ತಾಗ್ತಿಲ್ಲ.’

ಹುಡುಗ ಭಾಯ್ ಮುಖ ನೋಡುತ್ತಾನೆ.

‘ಎರಡೂ ಬರ್ಕೋ,’ ಅನ್ನುತ್ತಾರೆ ಭಾಯ್, ರಟ್ಟು ಹರಿದು ಅವನ ಕೈಗಿಡುತ್ತಾ. ‘ಬಿಲ್ಲಿನ ಫೋಟೊ ತರಿಸ್ಕೊ. ಮೊದಲು ಸ್ಟೇಷನ್ನಿಗೆ ಹೋಗು, ಊಟ ಆಮೇಲೆ ಮಾಡುವಂತೆ.’